ನಮ್ಮ ಬೋರ್‌ವೆಲ್ ನೀರಿಗೆ ಡಸ್ಟ್ ಟೀಯೇ ಸರಿ

ಡಸ್ಟ್ ಟೀ ಅಂದ್ರೆ ಫ್ಯಾಕ್ಟರಿ ನೆಲ ಗುಡಿಸಿ ತುಂಬಿದ ಕಸ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಿಂದ ಕೋಲಾರಕ್ಕೆ ಬರುವ ನೆಂಟರಲ್ಲಿ ಇಂಥವರು ಜಾಸ್ತಿ. ಕೈಯಲ್ಲಿ ಡಾರ್ಜಿಲಿಂಗ್ ಡಬ್ಬ, ಬಾಯಲ್ಲಿ ಉಪದೇಶ.

ಡಸ್ಟ್ ಅನ್ನುವುದು ಪುಡಿಯ ಗಾತ್ರ ಅಷ್ಟೇ. ಜರಡಿ ಹಿಡಿದಾಗ ಸಿಗುವ ಅತಿ ಸಣ್ಣದು. 1930ರ ಆಸುಪಾಸಿನಲ್ಲಿ ಅಸ್ಸಾಮಿನಲ್ಲಿ ಸಿಟಿಸಿ (ಕ್ರಷ್, ಟೇರ್, ಕರ್ಲ್) ಯಂತ್ರ ಬಂತು. ಹಲ್ಲಿರುವ ರೋಲರುಗಳು ಎಲೆಯನ್ನು ಜಜ್ಜಿ, ಹರಿದು, ಉಂಡೆ ಸುತ್ತುತ್ತವೆ. ಕಾಳು ಸಣ್ಣದಾದಷ್ಟೂ ಬಣ್ಣ, ಕಡಕು ಬೇಗ ಬಿಡುತ್ತದೆ. ಬೆಳಗಿನ ಹೊತ್ತು ಟೊಮೆಟೊ ಮಂಡಿಯಲ್ಲಿ ಹರಾಜು ನಡೆಯುವಾಗ ಎಲೆ ಅರಳಲಿ ಅಂತ ಯಾರು ಕಾಯ್ತಾರೆ?

ಇನ್ನೊಂದು ಕಾರಣ ನೀರು. ಇದನ್ನು ಯಾರೂ ಮಾತಾಡಲ್ಲ. ನಮ್ಮದು ಬೋರ್‌ವೆಲ್ ನೀರು, ಗಡಸು. ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ವಾ, ಅದೇ ಸುಣ್ಣದಂಶ ಕರಿ ಟೀಯ ಮೇಲೂ ತೆಳ್ಳಗೆ ಪೊರೆ ಕಟ್ಟಿಸುತ್ತದೆ. ಬಣ್ಣ ಮಂಕಾಗುತ್ತದೆ, ಘಮ ಸತ್ತು ಹೋಗುತ್ತದೆ. ಡಾರ್ಜಿಲಿಂಗ್‌ನಲ್ಲಿ ಇರುವುದೇ ಘಮ. ಅದು ಹೋದ ಮೇಲೆ ದುಡ್ಡು ಕೊಟ್ಟಿದ್ದು ಯಾತಕ್ಕೆ? ಡಸ್ಟ್ ಈ ನೀರನ್ನೂ ತಡೆದುಕೊಳ್ಳುತ್ತದೆ, ಗಟ್ಟಿ ಹಾಲನ್ನೂ ತಡೆದುಕೊಳ್ಳುತ್ತದೆ. ಹಾಲಿನ ಪ್ರೋಟೀನು ಟೀಯ ಒಗರನ್ನು ಹಿಡಿದುಕೊಳ್ಳುವುದರಿಂದ ಬಾಯಿಗೆ ಮೆತ್ತಗಾಗುತ್ತದೆ. ಊರೂರಿಗೆ ಡೈರಿ ಇರುವ ಜಿಲ್ಲೆ ನಮ್ಮದು. ಹಾಲಿಲ್ಲದ ಟೀ ಕೊಟ್ಟರೆ "ಮನೇಲಿ ಯಾರಿಗೆ ಹುಷಾರಿಲ್ಲ" ಅಂತ ಕೇಳುತ್ತಾರೆ.

ಹಾಗಂತ ಎಲೆ ಟೀ ಬೇಡ ಅಂತಲ್ಲ. ಮೇ-ಜೂನ್‌ನಲ್ಲಿ ಕೊಯ್ಯುವ ಡಾರ್ಜಿಲಿಂಗ್ ಟೀಗೆ ಹಣ್ಣಾದ ದ್ರಾಕ್ಷಿಯ ಘಮ ಇರುತ್ತದೆ. ಅದರಲ್ಲಿ ಒಂದು ಹಸಿರು ಜಿಗಿಹುಳುವಿನ ಪಾಲೂ ಇದೆ. ಹುಳು ಎಳೆ ಎಲೆಯ ರಸ ಹೀರುತ್ತದೆ, ಗಿಡ ತನ್ನನ್ನು ಕಾಪಾಡಿಕೊಳ್ಳಲು ಏನೇನೋ ವಾಸನೆ ಹುಟ್ಟಿಸುತ್ತದೆ, ನಾವು ಅದನ್ನು ಕುಡಿದು ಆಹಾ ಅನ್ನುತ್ತೇವೆ. ಇಲ್ಲಿ ಮಾವಿನ ಹೂವಿನಲ್ಲಿ ಜಿಗಿಹುಳು ಕಂಡರೆ ಔಷಧಿ ಹೊಡೆಯಲು ಓಡುತ್ತೇವೆ!

ಮಾವು ಅಂದಾಗ ನೆನಪಾಯಿತು. ಶ್ರೀನಿವಾಸಪುರದಲ್ಲಿ ಬಾದಾಮಿಗೆ ಬೇರೆ ಮರ, ತೋತಾಪುರಿಗೆ ಬೇರೆ ಮರ. ಟೀ ಹಾಗಲ್ಲ, ಗ್ರೀನ್ ಟೀಗೂ ಕರಿ ಟೀಗೂ ಬೇರೆ ಬೇರೆ ಗಿಡ ಬೇಕಿಲ್ಲ. ಚೀನಾ ತಳಿ, ಅಸ್ಸಾಂ ತಳಿ ಅಂತ ಇದ್ದರೂ ಗಿಡದ ಜಾತಿ ಒಂದೇ. ಕೊಯ್ದ ಕೂಡಲೇ ಬಿಸಿ ಕೊಟ್ಟು ಎಲೆ ಕಪ್ಪಾಗದಂತೆ ತಡೆದರೆ ಗ್ರೀನ್ ಟೀ. ಅರ್ಧಕ್ಕೆ ತಡೆದರೆ ಊಲಾಂಗ್. ಪೂರ್ತಿ ಬಿಟ್ಟರೆ ನಮ್ಮ ಮಾಮೂಲಿ ಟೀ. ಗ್ರೀನ್ ಟೀಗೆ 80 ಡಿಗ್ರಿ ಬಿಸಿ ಸಾಕು. ಕೊತಕೊತ ಕುದಿಸಿ, ಆಮೇಲೆ ಕಹಿ ಅಂತ ಗೊಣಗಿದರೆ ಎಲೆ ಏನು ಮಾಡೀತು?

ಎಲೆ ಟೀ ರುಚಿ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ನೀಲಗಿರಿ. ಹತ್ತಿರದ್ದು, ಒಗರು ಕಡಿಮೆ, ತಣ್ಣಗಾದರೂ ತಿಳಿಯಾಗಿಯೇ ಇರುತ್ತದೆ. ಕ್ಯಾನ್ ನೀರಿನಲ್ಲಿ 3 ನಿಮಿಷ ಬಿಡಿ, ಬೇಕಾದರೆ ನಿಂಬೆ ಹಿಂಡಿ.

ಆದರೆ ಈಗ ಹೈವೇ ಪಕ್ಕ ಬಂದಿರುವ ಚಾಕೊಲೇಟ್ ಟೀ, ರೋಸ್ ಟೀ ಮಾತ್ರ ನನಗೆ ಅರ್ಥವಾಗಲ್ಲ. ಒಳಗೆ ಅದೇ ಡಸ್ಟು, ಮೇಲೆ ಸಿರಪ್ಪು. ಆ ದುಡ್ಡಿಗೆ ಮಂಡಿ ಗೇಟಿನ ಹತ್ತಿರ ಮೂರು ಜನ ಟೀ ಕುಡಿಯಬಹುದು, ಅದೂ ಬೈಟು ಮಾಡದೆ.