ಹದಿನೈದು ಆಂಪ್ಸ್ ಪಾಯಿಂಟು

ಪೆಟ್ರೋಲ್ ಕಾರಿಗೂ ಮನೆಗೂ ಇರುವ ಸಂಬಂಧ ಗೇಟಿನವರೆಗೆ ಮಾತ್ರ. ಅದರ ಹೊಟ್ಟೆಪಾಡು ಬಂಕಿನಲ್ಲಿ, ಕಾಯಿಲೆ ಕಸಾಲೆ ಗ್ಯಾರೇಜಿನಲ್ಲಿ. ರಾತ್ರಿ ಬಂದು ಮಲಗುತ್ತದೆ, ಬೆಳಿಗ್ಗೆ ಎದ್ದು ಹೋಗುತ್ತದೆ. ಕರೆಂಟ್ ಕಾರು ಹಾಗಲ್ಲ. ಬಂದ ದಿನದಿಂದಲೇ ಬಚ್ಚಲುಮನೆ, ಮೀಟರ್ ಬೋರ್ಡು, ಹಿತ್ತಿಲು ಅಂತ ಎಲ್ಲದಕ್ಕೂ ಮೂಗು ತೂರಿಸುತ್ತದೆ. ನಮ್ಮಲ್ಲಿಗೆ ಇಂಥದೊಂದು ಬಂದ ಮೇಲೆ ನನಗೆ ಬೆಂಗಳೂರಿನ ರಸ್ತೆಗಳ ಬಗ್ಗೆ ಹೊಸದಾಗಿ ತಿಳಿದದ್ದು ಅಷ್ಟಕ್ಕಷ್ಟೆ. ಮನೆಯ ಬಗ್ಗೆ ತಿಳಿದದ್ದು ಬಹಳ.

ಮೊದಲು ತಿಳಿದದ್ದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು. ತ್ಯಾಗರಾಜನಗರದ ಹಳೇ ಮನೆ ನಮ್ಮದು. ಕಾರಿನ ಜೊತೆ ಕೊಟ್ಟ ಚಾರ್ಜರನ್ನು ಪೋರ್ಟಿಕೋದ 15 ಆಂಪ್ಸ್ ಪಾಯಿಂಟಿಗೆ ಚುಚ್ಚಿದರೆ ಕೆಂಪು ದೀಪ ಮಿಣುಕಿತೇ ಹೊರತು ಹಸಿರು ಬರಲಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಅವರ ಚೀಲದಲ್ಲಿ ಮೀಟರುಗಳೇನೋ ಇದ್ದವು, ಆದರೆ ಅವರು ಕೈಗೆತ್ತಿಕೊಂಡದ್ದು ಒಂದು ಹೋಲ್ಡರು, ಅದಕ್ಕೆ ಸಿಕ್ಕಿಸಿದ ಹಳೇ ಕಾಲದ ಬಲ್ಬು ಮತ್ತು ಎರಡು ವೈರು. ಕೆಳಗಿನ ಎರಡು ತೂತಿಗೆ ವೈರು ಇಟ್ಟಾಗ ಬಲ್ಬು ಝಗ್ಗನೆ ಹತ್ತಿಕೊಂಡಿತು. ನ್ಯೂಟ್ರಲ್ಲಿನಲ್ಲಿದ್ದ ವೈರನ್ನು ತೆಗೆದು ಮೇಲಿನ ದಪ್ಪ ತೂತಿಗೆ ಇಟ್ಟರು. ಈಗ ಬಲ್ಬಿನ ಒಳಗಿನ ತಂತಿ ಮಾತ್ರ ಸಣ್ಣಗೆ ಕೆಂಪಾಯಿತು. ಬೆಳಕೆಂದು ಹೇಳುವಂತಿರಲಿಲ್ಲ. "ನೋಡಿ ಸಾರ್, ಇದು ನಿಮ್ಮನೆ ಅರ್ತು" ಎಂದರು.

ಫ್ರಿಡ್ಜು, ಮಿಕ್ಸಿ, ಗೀಸರ್ ಎಲ್ಲವೂ ಇಷ್ಟು ವರ್ಷ ಈ ಅರ್ತಿನಲ್ಲೇ ಸಂಸಾರ ಮಾಡಿಕೊಂಡು ಬಂದಿದ್ದವು. ವಾಷಿಂಗ್ ಮಷೀನು ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಅಮ್ಮ ಹೇಳಿದಾಗಲೆಲ್ಲ ಚಪ್ಪಲಿ ಹಾಕಿಕೊಂಡು ಬಟ್ಟೆ ಹಾಕು ಎಂದು ಪರಿಹಾರ ಸೂಚಿಸುತ್ತಿದ್ದ ಮನೆ ಇದು. ಕಾರು ಮಾತ್ರ ನೆಲದ ಸಂಬಂಧ ಸರಿಯಾಗಿದ್ದರಷ್ಟೇ ಊಟಕ್ಕೆ ಕೂರುತ್ತೇನೆಂದು ಹಠ ಹಿಡಿಯಿತು.

ಹಾಗಾದರೆ ಅರ್ತಿಂಗ್ ಗುಂಡಿ ಎಲ್ಲಿ? ಯಾರಿಗೂ ಗೊತ್ತಿಲ್ಲ. ಗೋಡೆಯ ಮೇಲೆ ಇಳಿದು ಬಂದ, ಸತು ಬಳಿದ ಕಬ್ಬಿಣದ ತಂತಿಯ ಜಾಡು ಹಿಡಿದು ಹೋದರೆ ಅದು ಹಿತ್ತಿಲಿನ ಟೈಲ್ಸಿನ ಕೆಳಗೆ ಮಾಯವಾಗಿತ್ತು. ಟೈಲ್ಸ್ ಒಡೆದಾಗ ತುಕ್ಕು ಹಿಡಿದ ಪೈಪು, ಸುತ್ತ ಒಣ ಮಣ್ಣು. ಹೊಸ ಪೈಪು ಇಳಿಸಿ, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹಾಕಿಸಿದೆವು. ಉಪ್ಪಿಗೆ ಪಸೆ ಬೇಕು, ಪಸೆ ಹಿಡಿದಿಡಲು ಇದ್ದಿಲು. ಅಮ್ಮ ಪಕ್ಕದಲ್ಲೇ ನಿಂತು ನೋಡಿ, "ಉಪ್ಪಿನಕಾಯಿ ಹಾಕಿದ ಹಾಗೇ ಇದೆಯಲ್ಲೋ" ಅಂದಳು. ಕೆಲಸ ಮುಗಿಸಿ ಹೋಗುವಾಗ ಎಲೆಕ್ಟ್ರಿಷಿಯನ್ ಹೇಳಿದ್ದು ಒಂದೇ ಮಾತು: "ಬೇಸಿಗೇಲಿ ನೀರು ಹಾಕ್ತಾ ಇರಿ." ಈಗ ಏಪ್ರಿಲ್ ಬಂದರೆ ತುಳಸಿಗೆ ಒಂದು ಚೊಂಬು, ಅರ್ತಿಂಗಿಗೆ ಒಂದು ಬಕೆಟ್ಟು. ವಾಷಿಂಗ್ ಮಷೀನು ಜುಮ್ ಅನ್ನುವುದು ನಿಂತಿದೆ. ಕಾರಿನಿಂದ ಆದ ಮೊದಲ ಉಪಕಾರ ಇದು ಎಂದು ಅಮ್ಮ ಎಲ್ಲರಿಗೂ ಹೇಳುತ್ತಾಳೆ.

ಆಮೇಲೆ ಶುರುವಾದದ್ದು ಸರದಿ. ಕಾರು ಗಂಟೆಗೆ ಹೆಚ್ಚುಕಡಿಮೆ 3 ಯೂನಿಟ್ ಎಳೆಯುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ, ಕಾರು ಮೂರೂ ಒಟ್ಟಿಗೆ ನಡೆದರೆ ಮೇನ್ ಸ್ವಿಚ್ಚು ಸುಮ್ಮನಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಈಗ ಸ್ನಾನಕ್ಕೆ ಹೋಗುವವರು ಕೂಗಿ ಹೇಳಬೇಕು. "ಕಾರು ತೆಗೀರೀ, ಗೀಸರ್ ಹಾಕ್ತಾ ಇದೀನಿ!" ಕೇಳಿದವರು ಕಾರನ್ನು ಎಲ್ಲಿಗೆ ತೆಗೆಯಬೇಕು ಅಂದುಕೊಳ್ಳುತ್ತಾರೋ ದೇವರಿಗೇ ಗೊತ್ತು.

ಇನ್ನೊಂದು ನಷ್ಟ ಸೊನ್ನೆ ಬಿಲ್ಲಿನದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೂ ಸೊನ್ನೆ ಬಿಲ್ಲು ಬರುತ್ತಿತ್ತು. ಅದನ್ನು ಅಮ್ಮ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡುತ್ತಿದ್ದಳು. ತಿಂಗಳಿಗೆ 200 ಯೂನಿಟ್ ದಾಟಿತೋ, ಇಡೀ ಬಿಲ್ಲು ಕಟ್ಟಬೇಕು. ನಮ್ಮ ಕಾರಿನ ಬ್ಯಾಟರಿ ಒಂದು ಸಲ ತುಂಬುವುದಕ್ಕೇ 30 ಯೂನಿಟ್ಟಿನ ಮೇಲೆ ಬೇಕು. ದಾಟದೆ ಇನ್ನೇನು? ಯೂನಿಟ್ಟಿಗೆ ಏಳು ಕಿಲೋಮೀಟರ್ ಆಸುಪಾಸು ಓಡುತ್ತದೆ, ಪೆಟ್ರೋಲಿಗೆ ಹೋಲಿಸಿದರೆ ಬಿಲ್ಲು ಕಟ್ಟಿಯೂ ಲಾಭವೇ ಅಂತ ಲೆಕ್ಕ ಬರೆದು ತೋರಿಸಿದೆ. ಅಮ್ಮ ಲೆಕ್ಕ ಒಪ್ಪಿದಳು. "ಆದ್ರೂ ಆ ಸೊನ್ನೆ ನೋಡೋಕೆ ಚೆನ್ನಾಗಿತ್ತು" ಅಂದಳು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಮದುವೆಮನೆಗಳಲ್ಲಿ ಹಸಿರು ನಂಬರ್ ಪ್ಲೇಟ್ ಕಂಡವರೆಲ್ಲ ಬ್ಯಾಟರಿ ಹೋದರೆ ಎಷ್ಟಾಗುತ್ತೆ ಅಂತಲೇ ಕೇಳುವುದು. ನಮ್ಮ ಚಿಕ್ಕಪ್ಪ ಒಬ್ಬರು ಬೇರೆ ಥರ. "ನಿನ್ನ ಕಾರು ಹೊಗೆ ಬಿಡಲ್ಲ ಅಂತ ಬೀಗಬೇಡ, ಅದರ ಹೊಗೆ ರಾಯಚೂರಲ್ಲಿ ಬಿಡ್ತಾ ಇದೆ" ಎನ್ನುತ್ತಾರೆ. ಅಲ್ಲಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ನೆನೆದರೆ ಅವರ ಮಾತು ತಳ್ಳಿಹಾಕುವಂಥದಲ್ಲ. ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದು ಎಂದು ನಾನು ಎದುರುವಾದ ಹೂಡಿದರೆ, "ನೀನು ಚಾರ್ಜಿಗೆ ಹಾಕೋದು ರಾತ್ರಿ ತಾನೆ? ರಾತ್ರಿ ಯಾವ ಸೂರ್ಯನಪ್ಪಾ?" ಎಂದು ಮುಗಿಸಿಬಿಟ್ಟರು. ಅಂದಿನಿಂದ ಭಾನುವಾರ ಮಧ್ಯಾಹ್ನದ ಹೊತ್ತಿನಲ್ಲಿ ಚುಚ್ಚುವ ಅಭ್ಯಾಸ ಮಾಡಿಕೊಂಡಿದ್ದೇನೆ. ಚಿಕ್ಕಪ್ಪನಿಗೆ ಹೇಳಿಲ್ಲ.

ದೂರದ ಕರೆಂಟಿನ ಋಣ ಈ ಊರಿಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅದೇ ಕರೆಂಟಿನಿಂದ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಇವತ್ತಿನ ಕೆ.ಆರ್. ಮಾರ್ಕೆಟ್ ಹತ್ತಿರ. ಕರೆಂಟ್ ಕಾರಂತೂ ನಮ್ಮೂರಿನ ಮನೆಮಗಳೇ. 2001ರಲ್ಲಿ ಇಲ್ಲಿಂದಲೇ ಹೊರಟ ರೇವಾ ನೆನಪಿದೆಯಲ್ಲ? ಎರಡೇ ಬಾಗಿಲು, ಹಿಂದಿನ ಸೀಟಿನಲ್ಲಿ ಮಕ್ಕಳು ಮಾತ್ರ ಹಿಡಿಸುವಷ್ಟು ಜಾಗ. ಜಯನಗರದಲ್ಲಿ ಅದು ಸದ್ದಿಲ್ಲದೆ ಬಂದರೆ ಜನ ನಗುತ್ತಿದ್ದರು. ಅದೇ ರೇವಾ ಲಂಡನ್ನಿಗೆ ಹೋಗಿ ಜಿ-ವಿಜ್ ಅನ್ನಿಸಿಕೊಂಡು ಅಲ್ಲಿನ ಬೀದಿಬದಿಯಲ್ಲಿ ಚಾರ್ಜ್ ಆಗುತ್ತಿತ್ತು. ಲೆಡ್ ಆಸಿಡ್ ಬ್ಯಾಟರಿಯನ್ನು ನೆಚ್ಚಿಕೊಂಡು ಅಷ್ಟು ಮುಂಚೆಯೇ ಈ ಸಾಹಸಕ್ಕೆ ಇಳಿದವರನ್ನು ನೆನೆದರೆ, ನಗುವ ಸರದಿಯಲ್ಲಿ ನಾವು ಸ್ವಲ್ಪ ಅವಸರಪಟ್ಟೆವು ಅನ್ನಿಸುತ್ತದೆ.

ರಸ್ತೆಯ ಬಗ್ಗೆ ಹೇಳುವುದಾದರೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ ಜಾಮಿಗೆ ಇದು ಹೇಳಿ ಮಾಡಿಸಿದ ಗಾಡಿ. ನಿಂತಲ್ಲಿ ಎ.ಸಿ. ಬಿಟ್ಟರೆ ಹೆಚ್ಚು ಖರ್ಚಿಲ್ಲ, ಕ್ಲಚ್ ತುಳಿದು ಮಂಡಿ ನೋಯುವುದೂ ಇಲ್ಲ. ನಂದಿಬೆಟ್ಟ ಹತ್ತುವಾಗ ಕಳೆದುಕೊಂಡ ಪರ್ಸೆಂಟಿನಲ್ಲಿ ಸ್ವಲ್ಪವನ್ನು ಇಳಿಯುವಾಗ ವಾಪಸು ಕೊಡುತ್ತದೆ. ಇಷ್ಟು ಸಾಕು.

ಅಪಾರ್ಟ್‌ಮೆಂಟಿನವರ ಪಾಡು ಕೇಳಬೇಡಿ. ಬೇಸ್‌ಮೆಂಟಿನಲ್ಲಿ ಒಂದು ಪಾಯಿಂಟ್ ಹಾಕಿಸಲು ನನ್ನ ಗೆಳೆಯ ಅಸೋಸಿಯೇಷನ್ ಮೀಟಿಂಗಿನಲ್ಲಿ ಬೆಂಕಿ, ಇನ್ಶೂರೆನ್ಸು, ಲಿಫ್ಟಿನ ಕರೆಂಟು ಎಲ್ಲದಕ್ಕೂ ಜವಾಬು ಕೊಡಬೇಕಾಯಿತು. ಕೊನೆಗೆ ಅದೇ ಪಾಯಿಂಟಿಗೆ ವಾಚ್‌ಮನ್ ಮೊಬೈಲ್ ಹಾಕುತ್ತಾನೆಂಬ ದೂರು ಬಂತು.

ಕರೆಂಟ್ ಕಾರು ನಿಜವಾಗಿ ಬದಲಾಯಿಸಿದ್ದು ನೆಂಟರನ್ನು. ಹಾಸನದಲ್ಲಿರುವ ನನ್ನ ಭಾವಮೈದನೂ ಒಂದು ಕರೆಂಟ್ ಕಾರು ತಗೊಂಡಿದ್ದಾನೆ. ಬರುವ ಮೊದಲು ಫೋನ್ ಮಾಡಿ, ಮನೆಯಲ್ಲಿ ಇದ್ದೀರಾ ಎಂದು ಕೇಳುವುದಿಲ್ಲ. "ಭಾವ, ಪಾಯಿಂಟ್ ಖಾಲಿ ಇದೆಯಾ?" ಎನ್ನುತ್ತಾನೆ. ಹೈವೇ ಹೋಟೆಲುಗಳಲ್ಲಿ ಬೇಗ ತುಂಬಿಸುವ ಚಾರ್ಜರುಗಳಿವೆ. ಅಲ್ಲಿ ದುಡ್ಡು ಕೊಡಬೇಕು, ಅಕ್ಕನ ಮನೆಯಲ್ಲಿ ಪುಕ್ಕಟೆ. 180 ಕಿಲೋಮೀಟರ್ ಮೇಲೆ ಓಡಿಸಿಕೊಂಡು, ಬ್ಯಾಟರಿಯ ತಳ ಕೆರೆದು ಬಂದು ನಿಲ್ಲಿಸುತ್ತಾನೆ. ನಮ್ಮ 15 ಆಂಪ್ಸಿನಲ್ಲಿ ಅದು ತುಂಬಲು ಇಡೀ ರಾತ್ರಿ ಬೇಕು. ಹಿಂದೆಲ್ಲ ಮಧ್ಯಾಹ್ನ ಊಟ ಮಾಡಿ ಕೈ ತೊಳೆದ ಕೂಡಲೇ ಹೊರಡುತ್ತಿದ್ದವನು ಈಗ ರಾತ್ರಿ ಉಳಿಯಲೇಬೇಕು. ನನ್ನ ಹೆಂಡತಿಗೆ ಇದಕ್ಕಿಂತ ಸಂತೋಷವಿಲ್ಲ. ಬೆಳಿಗ್ಗೆ ಎದ್ದು ಮೊದಲು ಹೋಗಿ ತಮ್ಮನ ಕಾರಿನ ಪರ್ಸೆಂಟು ನೋಡುತ್ತಾಳೆ. ತೊಂಬತ್ತೈದು ಇದ್ದರೆ ಉಪ್ಪಿಟ್ಟು. ಎಪ್ಪತ್ತು ಇದ್ದರೆ ಸಾವಕಾಶವಾಗಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಹೋದ ಸಲ ಗಾಳಿಮಳೆಗೆ ಎಲ್ಲೋ ಮರದ ಕೊಂಬೆ ಬಿದ್ದು ರಾತ್ರಿಯೆಲ್ಲ ಕರೆಂಟಿರಲಿಲ್ಲ, ಬೆಳಿಗ್ಗೆ ನೋಡಿದರೆ ನಲವತ್ತು. ತೊಗರಿಬೇಳೆ ಬೇಯಲು ಇಟ್ಟು, ಒಬ್ಬಟ್ಟಿಗೆ ಕಣಕ ಕಲಸಲು ಕೂತಳು.