ಚಿಕಿತ್ಸೆಯ ಅನುಭವವೇ ಸಂಶೋಧನಾ ತರಬೇತಿಯಲ್ಲ

ವರ್ಷಗಟ್ಟಲೆ ರೋಗಿಗಳನ್ನು ನೋಡಿದ ವಾಕ್ ಚಿಕಿತ್ಸಕರಿಗೆ ಪಿಎಚ್‌ಡಿಯಲ್ಲಿ ಕೋರ್ಸ್‌ವರ್ಕ್ (ಪ್ರಬಂಧಕ್ಕೆ ಮುನ್ನದ ತರಗತಿ ಪಾಠಗಳು) ಅನಗತ್ಯ, ಅವರು ನೇರವಾಗಿ ಪ್ರಬಂಧಕ್ಕೆ ಇಳಿಯಲಿ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪುವುದಿಲ್ಲ. ಉಗ್ಗುವ ಎಳೆಯ ಮಕ್ಕಳಲ್ಲಿ ಬಹುಪಾಲು ಮಂದಿ ಚಿಕಿತ್ಸೆಯಿಲ್ಲದೆಯೇ ಸರಿಹೋಗುತ್ತಾರೆ. ಪಾರ್ಶ್ವವಾಯುವಿನ ನಂತರದ ಮೊದಲ ಕೆಲವು ತಿಂಗಳುಗಳಲ್ಲಿ ಕಳೆದುಹೋದ ಭಾಷೆ ತಾನಾಗಿಯೂ ಒಂದಿಷ್ಟು ಮರಳುತ್ತದೆ. ಹಾಗಾದರೆ ಕಣ್ಣೆದುರಿನ ಸುಧಾರಣೆಯಲ್ಲಿ ಚಿಕಿತ್ಸೆಯ ಪಾಲೆಷ್ಟು? ಅನುಭವವೊಂದೇ ಇದಕ್ಕೆ ಉತ್ತರ ಕೊಡಲಾರದು; ಅಧ್ಯಯನವನ್ನು ರೂಪಿಸುವ ವಿದ್ಯೆ ಗೊತ್ತಿರಬೇಕು.

ಸಂಖ್ಯಾಶಾಸ್ತ್ರದ ಪಾಠ ನಮ್ಮ ಕ್ಷೇತ್ರಕ್ಕೆ ಹೊಂದುತ್ತಿಲ್ಲ ಎಂಬ ಅವರ ದೂರಿನಲ್ಲಿ ನಿಜವಿದೆ. ದೊಡ್ಡ ಗುಂಪುಗಳ ಸರಾಸರಿ ಹೋಲಿಸುವುದನ್ನಷ್ಟೇ ಕಲಿತವರು, ಒಬ್ಬರಂತೆ ಇನ್ನೊಬ್ಬರಿರದ ಅಫೇಸಿಯಾ (ಮಿದುಳಿಗೆ ಹಾನಿಯಾಗಿ ಭಾಷೆ ಕುಂದುವ ಸ್ಥಿತಿ) ರೋಗಿಗಳನ್ನು ಹೇಗೆ ಅಧ್ಯಯನ ಮಾಡಬೇಕು? ಚಿಕಿತ್ಸೆಗೆ ಮುನ್ನವೇ ಹಲವು ಬಾರಿ ಅಳೆದು, ನಂತರದ ಬದಲಾವಣೆಯನ್ನು ಅದೇ ವ್ಯಕ್ತಿಯಲ್ಲಿ ಹೋಲಿಸುವ ಏಕವ್ಯಕ್ತಿ ಪ್ರಯೋಗ ವಿನ್ಯಾಸಗಳು ಕಡ್ಡಾಯವಾಗಲಿ. ಒಂದೇ ಧ್ವನಿಮುದ್ರಣವನ್ನು ಇಬ್ಬರು ಪ್ರತ್ಯೇಕವಾಗಿ ಕೇಳಿ, ಉಗ್ಗಿದ ಉಚ್ಚಾರಾಂಶಗಳನ್ನು ಎಣಿಸಿ ತಾಳೆ ನೋಡುವ ಅಭ್ಯಾಸವೂ ಬೇಕು.

ಸಂಶೋಧನಾ ನೈತಿಕತೆಯ ಪಾಠವನ್ನು ‘ಬರೀ ಔಪಚಾರಿಕತೆ’ ಎಂದು ಕರೆದದ್ದು ಮಾತ್ರ ನನಗೆ ನೋವು ತಂದಿತು. 1939ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರಬಂಧವೊಂದಕ್ಕಾಗಿ 22 ಅನಾಥ ಮಕ್ಕಳನ್ನು ಬಳಸಿಕೊಳ್ಳಲಾಯಿತು. ಸರಾಗವಾಗಿ ಮಾತನಾಡುತ್ತಿದ್ದ ಕೆಲವರಿಗೂ ‘ನೀವು ಉಗ್ಗುತ್ತೀರಿ’ ಎಂದು ಹೇಳಲಾಯಿತು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಆ ಪ್ರಬಂಧಕ್ಕೂ ಹೆಸರಾಂತ ಮಾರ್ಗದರ್ಶಕರಿದ್ದರು. ಆದ್ದರಿಂದ ನೈತಿಕತೆಯ ವಿಷಯವನ್ನು ಮಾರ್ಗದರ್ಶಕರ ವಿವೇಚನೆಗೆ ಬಿಟ್ಟರೆ ಸಾಕು ಎಂಬ ವಾದ ನಿಲ್ಲುವುದಿಲ್ಲ.