ಕಿತ್ತುಕೊಂಡ ಕೆಲಸ ವಾಪಸ್ ಕೊಡಿಸಬೇಕೇ? ಬೋಸ್ನಿಯಾದ ಪರ-ವಿರೋಧ

ಪರ: ಮನೆಯ ಬೀಗದಕೈ ಕೊಟ್ಟರೆ ಸಾಲದು

ಸರ್ಬರು, ಕ್ರೊವಾಟರು, ಬೋಸ್ನಿಯಾಕ್ ಮುಸ್ಲಿಮರ ನಡುವಿನ ಬೋಸ್ನಿಯಾ ಯುದ್ಧ 1995ರ ಡೇಟನ್ ಶಾಂತಿ ಒಪ್ಪಂದದಿಂದ ಮುಗಿಯಿತು. ಓಡಿಹೋದವರು ವಾಪಸ್ ಬರಬಹುದು, ಅವರ ಮನೆ ಅವರಿಗೇ ಸೇರಬೇಕು ಎಂದು ಅದರಲ್ಲಿತ್ತು. ಸುಮಾರು 2 ಲಕ್ಷ ಮನೆಗಳು ಹಾಗೆ ಹಳೆಯ ಹಕ್ಕುದಾರರ ಕೈ ಸೇರಿದವು ಕೂಡ. ದೊಡ್ಡ ಕೆಲಸವೇ, ಇಲ್ಲ ಎನ್ನುವುದಿಲ್ಲ. ಆದರೆ ಬೀಗ ತೆಗೆದು ಒಳಗೆ ಹೋದವನು ಮಾರನೇ ದಿನ ಉಣ್ಣುವುದೇನನ್ನು? ಎಷ್ಟೋ ಜನ ಸಿಕ್ಕ ಮನೆಯನ್ನೇ ಮಾರಿ ಮತ್ತೆ ಹೊರಟರು. ಯುದ್ಧದ ಹೊತ್ತಿಗೆ ಜನಾಂಗ ನೋಡಿ ಕಿತ್ತುಕೊಂಡ ಕೆಲಸವನ್ನೂ ವಾಪಸ್ ಕೊಡಿಸಬೇಕು.

ಬೋಸ್ನಿಯಾದ ವಾಯವ್ಯದಲ್ಲಿರುವ ಪ್ರಿಯೆದೋರ್ ಊರು ನೋಡಿ. ಲ್ಯುಬಿಯಾದ ಕಬ್ಬಿಣದ ಅದಿರಿನ ಗಣಿಯೇ ಆ ಭಾಗದ ಜನರ ಅನ್ನವಾಗಿತ್ತು. 1992ರಲ್ಲಿ ಸರ್ಬ್ ಪಡೆಗಳು ಊರು ಹಿಡಿದ ಮೇಲೆ ಬೋಸ್ನಿಯಾಕ್ ಮುಸ್ಲಿಮರನ್ನೂ ಕ್ರೊವಾಟರನ್ನೂ ಕೆಲಸದಿಂದ ತೆಗೆದರು, ಮನೆಗೆ ಬಿಳಿ ಬಟ್ಟೆ ನೇತುಹಾಕಿ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳಿ ಎಂದರು, ಅದೇ ಗಣಿಯ ಓಮಾರ್ಸ್ಕಾ ಆವರಣವನ್ನು ಚಿತ್ರಹಿಂಸೆಯ ಶಿಬಿರ ಮಾಡಿದರು. ಕೆಲವರು ತಾವು ದುಡಿದ ಜಾಗದಲ್ಲೇ ಕೈದಿಗಳಾದರು. ಇದನ್ನು ನೌಕರಿ ಕಡಿತ ಎಂದು ಕರೆಯೋಕಾಗುತ್ತಾ?

2004ರಲ್ಲಿ ಗಣಿಯ ಶೇ 51 ಪಾಲನ್ನು ನಮಗೆಲ್ಲ ಗೊತ್ತಿರುವ ಲಕ್ಷ್ಮಿ ಮಿತ್ತಲ್ ಅವರ ಕಂಪನಿ ಕೊಂಡಿತು. ಮಾಲೀಕರು ಬದಲಾದರೆ ಹಳೇ ಬಾಕಿ ಚುಕ್ತಾ ಆಗಿಬಿಡುವುದಿಲ್ಲ. ಹೆಸರು ನೋಡಿ ಹೊರಗೆ ಹಾಕಿದ ಮೇಲೆ ‘ಈಗ ಎಲ್ಲರೂ ಸಮಾನರು, ಅರ್ಜಿ ಹಾಕಿ’ ಎಂದರೆ ಲಾಭ ಯಾರಿಗೆ? ಅಷ್ಟು ವರ್ಷ ಒಳಗೇ ಇದ್ದು ಅನುಭವ ಗಳಿಸಿದವರಿಗೆ, ಅಲ್ವಾ?

ಇನ್ನೊಂದು ಊರು ಮೋಸ್ತಾರ್. ಅಲ್ಲಿನ ಅಲ್ಯುಮಿನಿಯ್ ಎಂಬ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೈ ಮೇಲಾದದ್ದು ಕ್ರೊವಾಟರದು. ಹೊರಬಿದ್ದವರು ಬೋಸ್ನಿಯಾಕರು, ಸರ್ಬರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1999ರಲ್ಲಿ ಅವರಿಗೆ ಪರಿಹಾರ ಕೊಡಿ, ಸಾಧ್ಯವಾದಲ್ಲಿ ಕೆಲಸವನ್ನೂ ಕೊಡಿ ಎಂದಿತು. ಆ ‘ಸಾಧ್ಯವಾದಲ್ಲಿ’ ಎಂಬ ಒಂದೇ ಪದದಲ್ಲಿ ಎಲ್ಲರೂ ನುಣುಚಿಕೊಂಡರು. ಬೋಸ್ನಿಯಾದ ಎರಡು ಭಾಗಗಳಲ್ಲಿ ಮೋಸ್ತಾರ್ ಇರುವ ಭಾಗಕ್ಕೆ ಫೆಡರೇಷನ್ ಎನ್ನುತ್ತಾರೆ. ಅದೇ ವರ್ಷದ ಫೆಡರೇಷನ್ ಕಾರ್ಮಿಕ ಕಾನೂನು ಯುದ್ಧಕ್ಕೆ ಮುಂಚೆ, ಅಂದರೆ 1991ರ ಡಿಸೆಂಬರ್ 31ಕ್ಕೆ, ಕೆಲಸದಲ್ಲಿದ್ದವರಿಗೆ ಹಳೇ ಕೆಲಸಕ್ಕಾಗಿ ಅರ್ಜಿ ಹಾಕಲು ಕೊಟ್ಟಿದ್ದು ಬರೀ 3 ತಿಂಗಳು. ಎಲ್ಲೋ ಜರ್ಮನಿಯಲ್ಲಿ ನಿರಾಶ್ರಿತನಾಗಿದ್ದವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಗಡುವೇ ಮುಗಿದಿರಬೇಕು.

ವಿರೋಧ: ಅನ್ಯಾಯ ನಿಜ, ಆದರೆ ಅದೇ ಕುರ್ಚಿ ಯಾಕೆ?

ಮೇಲಿನದರಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಔಷಧದ ಬಗ್ಗೆ. 1992ರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ ದೊಡ್ಡವನಾಗಿ ಆ ಕಾರ್ಖಾನೆ ಸೇರಿಕೊಂಡ. ಯಾರನ್ನೂ ಓಡಿಸಿದವನಲ್ಲ ಅವನು. ಹೊಸ ಹುದ್ದೆ ಹುಟ್ಟದಿದ್ದರೆ ಅವನನ್ನೇ ಎಬ್ಬಿಸಬೇಕು, ಎಬ್ಬಿಸಿದರೆ ಮತ್ತೆ ಜನಾಂಗದ ಲೆಕ್ಕದಲ್ಲೇ ಇನ್ನೊಂದು ಜಗಳ.

ಇನ್ನು ಕಾರ್ಖಾನೆಯ ಗತಿ. ಅಲ್ಯುಮಿನಿಯ್ 2019ರ ಜುಲೈನಲ್ಲಿ ಕರೆಂಟಿನ ಬಾಕಿ ಕಟ್ಟಲಾಗದೆ ನಿಂತುಹೋಯಿತು. ಒಳಗಿದ್ದ ಸುಮಾರು 900 ಜನರೇ ಬೀದಿಗೆ ಬಂದರು. ಅಂಥ ಕಡೆ ಕೆಲಸದ ಹಕ್ಕು ಗೆದ್ದವನಿಗೆ ಕೈಗೆ ಬಂದದ್ದೇನು?

ಹಾಗಾಗಿ ಬಾಕಿ ತೀರಿಸಬೇಕಾದದ್ದು ಸರ್ಕಾರ, ದುಡ್ಡಿನ ರೂಪದಲ್ಲಿ. ಕಳೆದ ಸಂಬಳ ಕೊಡಲಿ. ಅದಕ್ಕಿಂತ ಮುಖ್ಯವಾಗಿ ಕೆಲಸವಿಲ್ಲದೆ ಹೋದ ವರ್ಷಗಳನ್ನು ಸೇವಾವಧಿಗೆ ಸೇರಿಸಲಿ. ಬೋಸ್ನಿಯಾ ಮೊದಲು ಸೇರಿದ್ದ ಯುಗೊಸ್ಲಾವಿಯಾದಲ್ಲಿ ಪ್ರತಿ ಕಾರ್ಮಿಕನಿಗೂ ಒಂದು ಕೆಲಸದ ಪುಸ್ತಕವಿತ್ತು, ಎಲ್ಲಿ ಎಷ್ಟು ವರ್ಷ ದುಡಿದ ಎನ್ನುವುದೆಲ್ಲ ಅದರಲ್ಲಿ. ತೆಗೆದುಹಾಕಿದವರ ಪುಸ್ತಕ 1992ಕ್ಕೋ 1993ಕ್ಕೋ ನಿಂತುಬಿಟ್ಟಿದೆ, ಪಿಂಚಣಿಯ ಲೆಕ್ಕವೂ ಅಲ್ಲೇ ಮುರಿಯುತ್ತದೆ. ಆಗ 35 ದಾಟಿದ್ದವರಿಗೆ ಈಗ 65ರ ಮೇಲೆ. ಅವರ ತಲೆಗೆ ಗಣಿಯ ಹೆಲ್ಮೆಟ್ ಇಟ್ಟು ಏನು ಮಾಡೋಣ? ಆ ಪುಸ್ತಕದ ಖಾಲಿ ಪುಟಗಳನ್ನು ತುಂಬಿಸಿ ಕೊಡಿ.